ಹಂಡೆ ಆಫೀಸಿನ ಮೊದಲ ನೋಟ

ನಮ್ಮ ಊರಿನಲ್ಲಿ ಯಾರೂ ಯಾವ ಪಾತ್ರೆಯ ಮುಚ್ಚಳವನ್ನೂ ಸುಮ್ಮನೆ ತೆಗೆಯುವುದಿಲ್ಲ. ಮೊದಲು ಯಾರು ನೋಡಬೇಕು ಎಂಬುದು ತೀರ್ಮಾನವಾಗಬೇಕು. ಹೆಪ್ಪು ಹಾಕಿಟ್ಟ ಹಾಲು ಬೆಳಗಾಗುವ ಹೊತ್ತಿಗೆ ಗಟ್ಟಿ ಮೊಸರೂ ಆಗಿರುತ್ತದೆ, ಲೋಳೆಲೋಳೆಯೂ ಆಗಿರುತ್ತದೆ. ಮುಚ್ಚಳ ತೆಗೆದವರ ಕಣ್ಣು ಬಿದ್ದಮೇಲೆ ಎರಡರಲ್ಲೊಂದು ಆಗುತ್ತದೆ. ಬೇರೆ ಊರುಗಳಲ್ಲಿ ಸೊಸೆಯ ಕಾಲ್ಗುಣ, ವೈದ್ಯರ ಕೈಗುಣ ಅನ್ನುತ್ತಾರೆ. ನಮ್ಮಲ್ಲಿ ಕಣ್ಗುಣ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಒಂದು ಮುಚ್ಚಿದ ತಪ್ಪಲೆಯನ್ನು ಮುಂದಿಟ್ಟು ‘ತೆಗಿಯಮ್ಮ’ ಅನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಬೇಯಿಸುವವನಿಗಿಂತ ಇಡ್ಲಿ ಪಾತ್ರೆ ತೆರೆಯುವವನಿಗೆ ಮರ್ಯಾದೆ ಹೆಚ್ಚು. ಅವನು ನೆಗಡಿಯೆಂದು ಮನೆಯಲ್ಲಿ ಮಲಗಿದ ದಿನ ಹೋಟೆಲಿನಲ್ಲಿ ಬರೀ ಚಿತ್ರಾನ್ನ.

ನನ್ನ ಕಣ್ಣು ಕೆಟ್ಟದ್ದು. ವಿನಯಕ್ಕೆ ಹೇಳುತ್ತಿಲ್ಲ, ಇಡೀ ಊರಿಗೆ ಗೊತ್ತಿರುವ ವಿಷಯ. ನಾಲ್ಕನೇ ವಯಸ್ಸಿನಲ್ಲಿ ಅವ್ವನ ಉಪ್ಪಿನಕಾಯಿ ಜಾಡಿಗೆ ಇಣುಕಿದೆ, ಒಳಗೆಲ್ಲ ಬೂಷ್ಟು. ಐದರಲ್ಲಿ ಪಕ್ಕದ ಮನೆಯವರು ಕಾವಿಗೆ ಕೂರಿಸಿದ್ದ ಕೋಳಿಯನ್ನು ಸ್ವಲ್ಪ ಎತ್ತಿ ನೋಡಿದೆ, ಹನ್ನೊಂದು ಮೊಟ್ಟೆಯೂ ಕೊಳೆತವು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಲ್ಲರಿಗಿಂತ ಮೊದಲು ಓಡಿಹೋಗಿ ಬೋರ್ಡಿನ ಮೇಲಿನ ಹಾಳೆ ನೋಡಿದವನು ನಾನು. ತರಗತಿಗೆ ತರಗತಿಯೇ ಫೇಲು, ನನ್ನನ್ನೂ ಸೇರಿಸಿ. ವರ್ಷವಿಡೀ ಪುಸ್ತಕ ಮುಟ್ಟದವರು ಕೂಡ “ಅಡವೀಶ ನೋಡ್ಬಿಟ್ಟ, ಇಲ್ದಿದ್ರೆ ಫಸ್ಟ್ ಕ್ಲಾಸು” ಎಂದು ಮನೆಯಲ್ಲಿ ಅತ್ತರು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ನಮ್ಮೂರಿನಲ್ಲಿ ಆ ನೆಲ ನಾನೇ. ಅಂದಿನಿಂದ ಯಾರ ಮನೆಗೆ ಹೋದರೂ ಅಡಿಗೆಮನೆಯಲ್ಲಿ ಮುಚ್ಚಳದ ಸದ್ದು ಕೇಳಿದ ತಕ್ಷಣ ಗೋಡೆಯ ಕಡೆ ತಿರುಗಿ ನಿಲ್ಲುವುದು ನನಗೆ ರೂಢಿಯಾಯಿತು. ಮದುವೆಯಲ್ಲಿ ಅಂತರಪಟ ಸರಿಸುವಾಗ ಪುರೋಹಿತರು ನನ್ನ ಕಣ್ಣನ್ನು ಅಂಗೈಯಿಂದ ಮುಚ್ಚಿ, ಹುಡುಗಿಗೆ “ನೀನು ಮೊದಲು ನೋಡವ್ವ” ಅಂದರು. ಅವಳು ನೋಡಿದಳು. ನಾನು ಸುಮಾರಾಗಿ ಆದೆ.

ಇಂಥವನು ರಾಷ್ಟ್ರೀಯ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರದ ಸಂಶೋಧನಾ ಮುಖ್ಯಸ್ಥ ಹೇಗಾದ ಎಂದು ನೀವು ಕೇಳಬಹುದು. ರಾಜಧಾನಿಯವರು ಆ ಯಂತ್ರವನ್ನು ಇಡಲು ನಾಡಿನ ತುಂಬ ಜಾಗ ಹುಡುಕಿದ್ದರು. ಬೇರೆ ಕಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೌದೋ ಇಲ್ಲವೋ ಆಗಿಬಿಡುತ್ತಿದ್ದ ಕ್ಯೂಬಿಟ್‌ಗಳು, ಅಂದರೆ ಆ ಯಂತ್ರ ಲೆಕ್ಕ ಮಾಡುವ ಕಣಗಳು, ನಮ್ಮೂರಿನಲ್ಲಿ ಮಾತ್ರ ಅವರು ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬರುವ ತನಕ ಎರಡೂ ಆಗಿ ಕೂತಿದ್ದವು. ಸರಿ, ಇಲ್ಲೇ ಆಗಲಿ ಎಂದರು. ಕೆಲಸದ ಜಾಹೀರಾತಿನಲ್ಲಿ ‘ಯಂತ್ರದೊಳಗೆ ಇಣುಕಿ ನೋಡುವ ಅಭ್ಯಾಸ ಇಲ್ಲದವರಿಗೆ ಆದ್ಯತೆ’ ಎಂದಿತ್ತು. ಇಷ್ಟು ವರ್ಷ ಓದಿದ ಭೌತಶಾಸ್ತ್ರವನ್ನು ಬಿಟ್ಟರೂ ಆ ಒಂದು ಅರ್ಹತೆಯಲ್ಲಿ ನನ್ನನ್ನು ಮೀರಿಸುವವರು ಯಾರಿದ್ದರು?

ಯಂತ್ರ ನೋಡಲು ಬಿಳಿಯ ದೊಡ್ಡ ಹಂಡೆಯಂತಿತ್ತು, ಸೂರಿನಿಂದ ನೇತುಹಾಕಿತ್ತು. ಹಾಗಾಗಿ ಊರವರ ಬಾಯಲ್ಲಿ ಕೇಂದ್ರದ ಹೆಸರು ಹಂಡೆ ಆಫೀಸು. ಒಳಗೆ ಹಿಮಾಲಯವೂ ನಡುಗುವಷ್ಟು ಚಳಿ. ಮೇಲಿನಿಂದ ಪ್ರಶ್ನೆ ಹಾಕಿದರೆ ಹಂಡೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿತ್ತು. ಆಮೇಲೆ ಕೆಳಗಿನ ಸಣ್ಣ ಕಿಂಡಿಯ ಬಾಗಿಲು ತೆರೆದು ನೋಡಬೇಕು. ಹಸಿರು ದೀಪವಿದ್ದರೆ ಹೌದು, ಕೆಂಪಿದ್ದರೆ ಇಲ್ಲ. ಬಾಗಿಲು ತೆರೆಯುವ ತನಕ ಎರಡೂ. ಕಿಂಡಿ ತೆರೆಯುವವರ ಮೇಲೆ ದೇಶದ ವಿಜ್ಞಾನವೇ ನಿಂತಿದೆ ಎಂಬುದು ಮೊದಲ ವಾರದಲ್ಲೇ ನಮಗೆ ಗೊತ್ತಾಯಿತು.

ನಮ್ಮಲ್ಲಿ ಲೆಕ್ಕದ ವಿಜ್ಞಾನಿ ಫರ್ಜಾನಾ ಬೇಗಂ ಇದ್ದರು. ಚುಕ್ಕಿ ತಪ್ಪಿದರೂ ಬಿಡದ ಹೆಂಗಸು. ಕೇಂದ್ರದ ಪ್ರತಿಯೊಬ್ಬರನ್ನೂ ಕಿಂಡಿಯ ಮುಂದೆ ಕೂರಿಸಿ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಹಾಕಿ, ಯಾರ ನೋಟಕ್ಕೆ ಎಷ್ಟು ಸರಿ ಬರುತ್ತದೆ ಎಂದು ಪಟ್ಟಿ ಮಾಡಿದರು. ವಿದೇಶದಲ್ಲಿ ಓದಿ ಬಂದವರದ್ದು ನೂರಕ್ಕೆ ಐವತ್ತು. ಕಾವಲುಗಾರನದ್ದು ಅರವತ್ತು. ಕ್ಯಾಂಟೀನಿನ ತಿಮ್ಮಾಜಮ್ಮನದ್ದು ತೊಂಬತ್ತಮೂರು. ನನ್ನನ್ನು ಮಾತ್ರ ಫರ್ಜಾನಾ ಕೂರಿಸಲಿಲ್ಲ. “ನೀವು ದೊಡ್ಡೋರು ಸಾರ್, ನಿಮಗ್ಯಾಕೆ ತೊಂದ್ರೆ” ಅಂದರು. ಅವರ ಸಂಕಟ ಅರ್ಥವಾಯಿತು, ನಾನೂ ಒತ್ತಾಯ ಮಾಡಲಿಲ್ಲ.

ಹೀಗೆ ನಡೆಯಿತು ಒಂಬತ್ತು ವರ್ಷ. ಹಂಡೆ ಗುಂಯ್ ಅಂದು ನಿಂತ ಕೂಡಲೇ ತಿಮ್ಮಾಜಮ್ಮ ಸೌಟು ಕೆಳಗಿಟ್ಟು ಬರುತ್ತಿದ್ದರು, ನಾನು ಗೋಡೆಯ ಕಡೆ ತಿರುಗುತ್ತಿದ್ದೆ, ಅವರು ಕಿಂಡಿ ತೆರೆದು “ಹಸಿರು ಸಾರ್” ಎಂದು ಹೇಳಿ ಮತ್ತೆ ಸಾರಿನ ಕಡೆ ಹೋಗುತ್ತಿದ್ದರು. ನಮ್ಮ ಪ್ರಬಂಧಗಳಲ್ಲಿ ಇದನ್ನು ‘ಮಾಪನ ಕ್ರಮ ಮೂರು’ ಎಂದು ಬರೆದೆವು. ಸೊಸೆಯೊಂದಿಗೆ ಜಗಳವಾಡಿ ಬಂದ ದಿನ ತಿಮ್ಮಾಜಮ್ಮನ ನೋಟ ಎಂಬತ್ತಕ್ಕೆ ಇಳಿಯುತ್ತಿತ್ತು. ಫರ್ಜಾನಾ ಅದಕ್ಕೆ ಬೇರೆ ಕಾಲಂ ಹಾಕಿ ‘ಗೃಹೋಷ್ಣತೆಯ ಏರಿಳಿತ’ ಎಂದು ಹೆಸರಿಟ್ಟರು. ಯಾವುದೋ ದೂರ ದೇಶದ ಪ್ರಯೋಗಾಲಯದವರು ಅದನ್ನು ಓದಿ, ತಮ್ಮಲ್ಲೂ ಗೃಹೋಷ್ಣತೆಯನ್ನು ಹದ್ದುಬಸ್ತಿನಲ್ಲಿಡಲು ಒಂದು ಯಂತ್ರ ತರಿಸಿದರಂತೆ. ಪಾಪ, ಪ್ರಯೋಜನವಾಗಿರಲಾರದು.

ಹೊರಗೆ ನನಗೆ ಹಾರ, ಶಾಲು, ಭಾಷಣ. ಒಳಗೆ ಒಂದು ನಾಚಿಕೆ ಇತ್ತು. ಒಂಬತ್ತು ವರ್ಷದಲ್ಲಿ ಆ ಹಸಿರು ದೀಪ ಹತ್ತಿದ್ದನ್ನು ನಾನು ಒಂದು ಸಲವೂ ಕಂಡಿರಲಿಲ್ಲ. ನನ್ನ ಸಂಶೋಧನೆಯನ್ನು ನಾನು ಬರೀ ಕೇಳಿಸಿಕೊಂಡಿದ್ದೆ. ತಿಮ್ಮಾಜಮ್ಮನಿಗೆ ಇದು ಗೊತ್ತಿತ್ತು. “ಎಲ್ಲರ ಮನೆ ದೋಸೆನೂ ತೂತೇ ಸಾರ್. ನಿಮ್ದು ಕಣ್ಣು, ನನ್ದು ಮಂಡಿ” ಎಂದು ಸಮಾಧಾನ ಹೇಳುತ್ತಿದ್ದರು.

ಆಗ ಬಂತು ರಾಜಧಾನಿಯ ಸಮಿತಿ. ಕಡಲ ತೀರದ ದೊಡ್ಡ ನಗರವೊಂದು ಹಂಡೆ ತನಗೆ ಬೇಕೆಂದು ಹಟ ಹಿಡಿದಿತ್ತು. ಹಾಗಾಗಿ ಪರೀಕ್ಷೆ. ಉತ್ತರ ಮೊದಲೇ ಗೊತ್ತಿರುವ ನಲವತ್ತು ಪ್ರಶ್ನೆಗಳಲ್ಲಿ ಮೂವತ್ತಾದರೂ ಸರಿಯಾಗದಿದ್ದರೆ ಹಂಡೆಯನ್ನು ಅವತ್ತೇ ಬಿಚ್ಚಿ ಒಯ್ಯುವುದು, ನಮ್ಮ ಕೇಂದ್ರಕ್ಕೆ ಬೀಗ. ಸಮಿತಿಯ ಕಾರಿನ ಹಿಂದೆಯೇ ಒಂದು ಲಾರಿ, ಲಾರಿಯ ಹಿಂದೆ ಕ್ರೇನು ಬಂದು ಗೇಟಿನಲ್ಲಿ ನಿಂತವು. ಹುಡುಗಿ ಇನ್ನೂ ಒಪ್ಪಿಲ್ಲ, ದಿಬ್ಬಣ ಬಂದಾಯಿತು. ಲಾರಿಯ ಡ್ರೈವರ್ ಕ್ಯಾಂಟೀನಿಗೆ ಹೋಗಿ ಮುದ್ದೆ ಉಣ್ಣುತ್ತ ಕೂತ. ನನಗೆ ಅವನ ಮೇಲೂ ಸಿಟ್ಟು ಬಂತು.

ಅಧ್ಯಕ್ಷೆ ಡಾಕ್ಟರ್ ಮಂದಾಕಿನಿ ಕುಂದಣಗಾರ್. ತೆಳ್ಳಗೆ, ಎತ್ತರಕ್ಕೆ, ತಮ್ಮ ನೀರನ್ನು ತಾವೇ ತಂದುಕೊಂಡಿದ್ದರು. ತಾವೇ ಬರೆದುಕೊಳ್ಳದ ಯಾವುದನ್ನೂ ನಂಬದ ಜಾತಿ. ಬಾಗಿಲಿಗೆ ಕಟ್ಟಿದ್ದ ಬೂದುಗುಂಬಳಕಾಯಿಯನ್ನು ಕಂಡು “ಇದರ ಕೆಲಸ ಏನು?” ಎಂದರು. “ಉಷ್ಣ ನಿರೋಧಕ” ಎಂದರು ಫರ್ಜಾನಾ. ಅಧ್ಯಕ್ಷೆ ಬರೆದುಕೊಂಡರು.

ಮೊದಲು ಸುಮ್ಮನೆ ಒಂದು ಪ್ರಶ್ನೆ ಹಾಕಿ ತೋರಿಸಿ ಎಂದರು. ಹಂಡೆ ಗುಂಯ್ ಅಂದಿತು. ನಾನು ರೂಢಿಯಂತೆ ಗೋಡೆಯ ಕಡೆ ತಿರುಗಿಯೂಬಿಟ್ಟೆ. ತಿಮ್ಮಾಜಮ್ಮ ಕೈಯಲ್ಲಿ ಒಗ್ಗರಣೆ ಸೌಟನ್ನು ಹಿಡಿದೇ ಬಂದು, ಕಿಂಡಿ ತೆರೆದು, “ಹಸಿರು ಸಾರ್” ಎಂದು ಹೊರಟರು.

“ನಿಲ್ಲಿ. ಯಾರಿವರು?”

“ಮಾಪನ ಕ್ರಮ ಮೂರು” ಎಂದರು ಫರ್ಜಾನಾ, ದನಿಯಲ್ಲಿ ಜೀವವಿಲ್ಲದೆ.

“ಕ್ಯಾಂಟೀನಮ್ಮಾ” ಎಂದರು ತಿಮ್ಮಾಜಮ್ಮ, ಹೆಮ್ಮೆಯಿಂದ.

ಅಧ್ಯಕ್ಷೆ ಪೆನ್ನು ಮುಚ್ಚಿದರು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಕಣ್ಗುಣ ಅಂದೆ, ಊರಿನ ಪದ್ಧತಿ ಅಂದೆ, ಮೊಸರಿನ ಉದಾಹರಣೆ ಕೊಟ್ಟೆ. ಬಾಯಿ ಬಿಟ್ಟಷ್ಟೂ ಕೆಟ್ಟಿತು.

“ಅಡವೀಶಯ್ಯನವರೇ, ನಾನೇನು ಪದ್ಧತಿ ಬಿಡಿ ಅಂತಿಲ್ಲ. ಆದರೆ ಒಂದು ದೇಶದ ಯಂತ್ರ ಒಬ್ಬರು ಅಡಿಗೆಯವರ ಕಣ್ಣ ಮೇಲೆ ನಡೆಯೋದು ಅಂದರೆ ಏನರ್ಥ? ನಿಯಮದಲ್ಲಿ ಸ್ಪಷ್ಟವಾಗಿದೆ, ಪರೀಕ್ಷೆಯ ದಿನ ಮಾಪನವನ್ನ ಸಂಶೋಧನಾ ಮುಖ್ಯಸ್ಥರೇ ಖುದ್ದಾಗಿ ಮಾಡಿ ಸಹಿ ಹಾಕಬೇಕು. ನೀವೇ ಕೂತ್ಕೊಳ್ಳಿ.”

“ಮೇಡಂ, ಇವ್ರು ಬೇಡ!” ತಿಮ್ಮಾಜಮ್ಮ ಕೂಗಿಯೇಬಿಟ್ಟರು. “ಬೇರೆ ಯಾರನ್ನಾದ್ರೂ ಕೂರ್ಸಿ. ಲಾರಿಯೋನ್ನ ಬೇಕಾದ್ರೂ ಕೂರ್ಸಿ, ಇವ್ರು ಮಾತ್ರ ಬ್ಯಾಡಿ. ನಿಮ್ ಕಾಲಿಗೆ ಬೀಳ್ತೀನಿ.”

ಆ ಮಾತು ನನ್ನ ಒಳ್ಳೆಯದಕ್ಕೇ ಆಡಿದ್ದು. ಆದರೂ ನೋವಾಯಿತು. ಐವತ್ತೆರಡು ವರ್ಷದ ಮನುಷ್ಯ, ಎರಡು ಡಾಕ್ಟರೇಟು, ತನ್ನ ಯಂತ್ರವನ್ನು ತಾನು ನೋಡಬಾರದೆಂದು ಎಲ್ಲರೆದುರು ಇನ್ನೊಬ್ಬರು ಬೇಡಿಕೊಳ್ಳುವ ಗತಿ. ಹೋಗಲಿ, ಹೇಗೂ ಹಂಡೆ ಹೋಗುತ್ತದೆ, ಹೋಗುವ ಮುಂಚೆ ಒಂದು ಸಲ ನೋಡಿಬಿಡುತ್ತೇನೆ ಎಂದು ಕಿಂಡಿಯ ಮುಂದೆ ಕೂತೆ.

ಮೊದಲ ಪ್ರಶ್ನೆ, ಎಪ್ಪತ್ತು ಅಂಕಿಯ ಒಂದು ಸಂಖ್ಯೆ, ಅದನ್ನು ಒಂದನ್ನು ಬಿಟ್ಟು ಇನ್ನಾವುದಾದರೂ ಸಂಖ್ಯೆಯಿಂದ ಶೇಷವಿಲ್ಲದೆ ಭಾಗಿಸಬಹುದೇ ಎಂದು. ಹಂಡೆ ಗುಂಯ್ ಅಂದು ನಿಂತಿತು. ಬಾಗಿಲು ತೆರೆದೆ. ಹಸಿರು ದೀಪ. ಅದು ಅಷ್ಟು ಹಸಿರಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಖುಷಿಗೆ ಒಂದು ಕ್ಷಣ ಪರೀಕ್ಷೆಯೇ ಮರೆತುಹೋಯಿತು. “ಹಸಿರು!” ಎಂದು ಜೋರಾಗಿ ಕೂಗಿದೆ. ಅಧ್ಯಕ್ಷೆ ಮಡಿಲಲ್ಲಿದ್ದ ಉತ್ತರಗಳ ಹಾಳೆ ನೋಡಿ ಒಂದು ತಪ್ಪು ಗುರುತು ಹಾಕಿದರು.

ಎರಡನೆಯದು ಕೆಂಪು, ತಪ್ಪು. ಮೂರನೆಯದು ಹಸಿರು, ತಪ್ಪು. ಹತ್ತರ ಹೊತ್ತಿಗೆ ತಿಮ್ಮಾಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿಲ ಬಳಿ ಕುಸಿದು ಕೂತಿದ್ದರು. ಹನ್ನೊಂದನೆಯದು ತಪ್ಪಾದಾಗ, ಉಳಿದದ್ದೆಲ್ಲ ಸರಿ ಬಂದರೂ ಮೂವತ್ತು ಮುಟ್ಟುವುದಿಲ್ಲ ಎಂದು ಫರ್ಜಾನಾ ಬೆರಳು ಮಡಿಚುವುದನ್ನು ನಿಲ್ಲಿಸಿದರು. ನಿಯಮದ ಪ್ರಕಾರ ನಲವತ್ತೂ ಮುಗಿಸಬೇಕಿತ್ತು, ಮುಗಿಸಿದೆ. ಕೇಂದ್ರವನ್ನು ನಂಬಿದ್ದ ಊರಿನ ಮೂವತ್ತೊಂದು ಮನೆಗಳ ಕೆಲಸ ಒಂದೊಂದು ದೀಪಕ್ಕೂ ಕಣ್ಣೆದುರೇ ಹೋಗುತ್ತಿತ್ತು. ಅವ್ವ, ಪಕ್ಕದ ಮನೆಯವರು, ಎಸ್ಸೆಸ್ಸೆಲ್ಸಿಯ ಹುಡುಗರು, ಎಲ್ಲರೂ ಹೇಳಿದ್ದು ನಿಜವೇ ಆಗಿತ್ತು.

“ಸೊನ್ನೆ” ಎಂದರು ಅಧ್ಯಕ್ಷೆ.

ಡ್ರೈವರ್ ಹಗ್ಗ ಹಿಡಿದು ಒಳಗೆ ಬಂದ. ಅವನ ಹಿಂದೆ ಕ್ರೇನಿನ ಇಬ್ಬರು. ಅಧ್ಯಕ್ಷೆ ಮಾತ್ರ ಏಳಲಿಲ್ಲ. ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದರು, ಮತ್ತೆ ಕೆಳಗಿನಿಂದ ಮೇಲೆ ನೋಡಿದರು. ತಮ್ಮ ನೀರು ಕುಡಿದರು.

“ನಲವತ್ತಕ್ಕೆ ಸೊನ್ನೆ” ಎಂದರು ಮತ್ತೆ.

“ಗೊತ್ತಾಯ್ತು ಮೇಡಂ, ಎಷ್ಟು ಸಲ ಹೇಳ್ತೀರಿ” ಎಂದೆ. ಅಳು ಬರುತ್ತಿತ್ತು, ಹಾಗಾಗಿ ಸಿಡುಕಿದೆ.

“ಅಲ್ಲಾರೀ, ಸೊನ್ನೆ ತೆಗೆಯೋದು ಅಷ್ಟು ಸುಲಭ ಅಲ್ಲ! ಕಣ್ಣು ಮುಚ್ಚಿ ಬಾಯಿಗೆ ಬಂದಿದ್ದು ಹೇಳಿದ್ರೂ ಇಪ್ಪತ್ತು ಸರಿ ಬರಬೇಕು. ನಮ್ಮ ಡ್ರೈವರ್‌ನ ಕೂರಿಸಿದ್ರೂ ಬರುತ್ತೆ.” ಅವರು ಡ್ರೈವರ್ ಕಡೆ ತಿರುಗಿದರು. “ಕೂತ್ಕೊಳ್ಳಪ್ಪ.”

ಡ್ರೈವರ್ ನಾಚಿಕೊಂಡು, ಹಗ್ಗ ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು ಕೂತ. ನಲವತ್ತಕ್ಕೆ ಹತ್ತೊಂಬತ್ತು. ತಿಮ್ಮಾಜಮ್ಮನನ್ನು ಕೂರಿಸಿದರು, ಮೂವತ್ತೇಳು. ಮತ್ತೆ ನನ್ನನ್ನು ಕೂರಿಸಿದರು. ಈ ಸಲ ಪ್ರಶ್ನೆಗಳೇ ಬೇರೆ. ಆದರೂ ಸೊನ್ನೆ. ಇನ್ನೊಂದು ನಲವತ್ತು ಹಾಕಿದರು. ಸೊನ್ನೆ.

ಫರ್ಜಾನಾ ಹಣೆಗೆ ಹೊಡೆದುಕೊಂಡರು. “ಅಯ್ಯೋ, ನನ್ ಬುದ್ಧಿಗಿಷ್ಟು! ಒಂಬತ್ತು ವರ್ಷ ಊರೋರ್ ಕಣ್ಣೆಲ್ಲಾ ಲೆಕ್ಕ ಹಾಕ್ದೆ, ಮರ್ಯಾದೆಗೆ ಅಂತ ನಿಮ್ಮೊಬ್ರನ್ನ ಬಿಟ್ಟೆ. ಸಾರ್, ನೀವು ಹಸಿರು ಅಂದ್ರೆ ಕೆಂಪು! ಕೆಂಪು ಅಂದ್ರೆ ಹಸಿರು! ಯಾವಾಗ್ಲೂ!”

“ಅಂದ್ರೆ?” ಎಂದರು ತಿಮ್ಮಾಜಮ್ಮ.

“ಅಂದ್ರೆ ನೀವು ನಲವತ್ತರಲ್ಲಿ ಮೂರು ತಪ್ತೀರಿ. ಇವ್ರು ಒಂದೂ ತಪ್ಪಲ್ಲ. ಹೇಳಿದ್ದನ್ನ ಮಗುಚಿ ಹಾಕಿದ್ರೆ ಆಯ್ತು, ದೋಸೆ ಥರ.”

ತಿಮ್ಮಾಜಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ತಮ್ಮ ಮೂವತ್ತೇಳು ಹಿಂದೆ ಬಿದ್ದದ್ದಕ್ಕೆ ಸ್ವಲ್ಪ ಮುಖ ಸಪ್ಪಗಾಯಿತು. ಆಮೇಲೆ, “ನಿಮ್ ಕಣ್ಣು ಕೆಟ್ಟದ್ದಲ್ಲ ಸಾರ್, ತಲೆಕೆಳಗು ಅಷ್ಟೆಯ” ಎಂದರು. ಐವತ್ತೆರಡು ವರ್ಷದಲ್ಲಿ ನನ್ನ ಕಣ್ಣಿನ ಬಗ್ಗೆ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದು. ಊರಿನವರು ನನ್ನನ್ನು ಒಂದು ಸಲ, ಎರಡು ಸಲ ನೋಡಗೊಟ್ಟು ಗೋಡೆಗೆ ತಿರುಗಿಸಿದರೇ ಹೊರತು ನಲವತ್ತು ಸಲ ಯಾರೂ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ನನ್ನ ಅವ್ವನಾದರೂ ಬಿಡಬಹುದಿತ್ತು ಅನ್ನಿಸಿತು. ಆದರೆ ನಲವತ್ತು ಜಾಡಿ ಉಪ್ಪಿನಕಾಯಿ ಕೆಡಿಸಲು ಯಾವ ತಾಯಿ ಒಪ್ಪುತ್ತಾಳೆ?

ಅಧ್ಯಕ್ಷೆ ಕೊನೆಗೆ ಒಂದು ಪ್ರಶ್ನೆ ಹಾಕಿಸಿದರು. ಅದರ ಉತ್ತರ ಅವರ ಹಾಳೆಯಲ್ಲಿಯೂ ಇರಲಿಲ್ಲ, ಇಪ್ಪತ್ತು ವರ್ಷದಿಂದ ಪ್ರಪಂಚದಲ್ಲಿ ಯಾರ ಬಳಿಯೂ ಇರಲಿಲ್ಲ. ಹಂಡೆ ಈ ಸಲ ಬಹಳ ಹೊತ್ತು ಗುಂಯ್ ಅಂದಿತು. ಕಿಂಡಿ ತೆರೆದೆ. “ಕೆಂಪು” ಎಂದೆ.

“ಹಾಗಾದ್ರೆ ಹೌದು” ಎಂದು ಅವರು ಮೆಲ್ಲಗೆ ಬರೆದುಕೊಂಡರು. ಹನ್ನೊಂದು ದಿನ ಬೇರೆ ಬೇರೆ ದೇಶದ ಗಣಿತಜ್ಞರು ಪರಿಶೀಲಿಸಿ ಹೌದು ಎಂದೇ ಒಪ್ಪಿದರು ಎಂಬುದು ಆಮೇಲಿನ ಮಾತು.

ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಒಂದು ತೊಡಕು ಎದ್ದಿತು. ಅಧ್ಯಕ್ಷೆ ನಿಯಮದ ಪುಸ್ತಕ ಬಿಚ್ಚಿ ಹೇಳಿದರು, ದಿನನಿತ್ಯದ ಕೆಲಸದಲ್ಲಿ ಮಾಪನ ಮಾಡುವ ಸಾಧನವೂ ಮಾಪನಕ್ಕೆ ಸಹಿ ಹಾಕುವ ಮುಖ್ಯಸ್ಥನೂ ಒಂದೇ ಆಗಿರಕೂಡದು. “ತಕ್ಕಡಿ ತಾನೇ ತನ್ನ ತೂಕಕ್ಕೆ ಸಹಿ ಹಾಕೋ ಹಾಗಿಲ್ಲ. ನೀವು ಸಂಶೋಧನಾ ಮುಖ್ಯಸ್ಥರಾಗಿ ಉಳೀಬಹುದು, ಆಗ ಕಿಂಡಿ ಮುಟ್ಟೋ ಹಾಗಿಲ್ಲ. ಪರೀಕ್ಷೆಯ ಸೊನ್ನೆ ಸೊನ್ನೆಯಾಗೇ ಉಳಿದು ಹಂಡೆ ಲಾರಿ ಹತ್ತುತ್ತೆ. ಇಲ್ಲಾ ನೀವು ಉಪಕರಣ ಆಗಬೇಕು. ಯಾವುದು ಹೇಳಿ.”

ನನ್ನ ಕೋಣೆಯ ಬಾಗಿಲಿನ ಹಿತ್ತಾಳೆ ಫಲಕ, ಹಾರ, ಶಾಲುಗಳು ನೆನಪಾದವು. ಅವನ್ನು ಪ್ರೀತಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹಸಿರು ದೀಪವನ್ನು ಒಮ್ಮೆ ನೋಡಿಯಾಗಿತ್ತು.

“ಉಪಕರಣ” ಎಂದೆ.

ಫರ್ಜಾನಾ ಬೇಗಂ ಸಂಶೋಧನಾ ಮುಖ್ಯಸ್ಥೆಯಾದರು. ಅಧ್ಯಕ್ಷೆ ಅಲ್ಲೇ, ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎಲ್ಲರೂ ನೋಡುತ್ತಿದ್ದಂತೆ ಉಪಕರಣಗಳ ಪಟ್ಟಿಯಲ್ಲಿ ಒಂದು ಹೊಸ ಸಾಲು ಬರೆದರು. ಹೆಸರು, ಅಡವೀಶಯ್ಯ. ಸಂಖ್ಯೆ, ಒಂದು. ಸ್ಥಿತಿ, ಬಳಸಿದ್ದು, ಚಾಲನೆಯಲ್ಲಿದೆ. ನಿರ್ವಹಣೆ, ದಿನಕ್ಕೆ ಎರಡು ಊಟ, ಮೂರು ಕಾಫಿ, ಜವಾಬ್ದಾರಿ ತಿಮ್ಮಾಜಮ್ಮನವರದ್ದು. ಎಚ್ಚರಿಕೆ, ಧೂಳು ಮತ್ತು ತೇವ ತಾಗಕೂಡದು. ಕೊನೆಯ ಕಾಲಂ ಷರಾ. ಅಲ್ಲಿ ಅವರು ಬರೆದರು: ‘ಸರಿಸಾಟಿಯಿಲ್ಲದ್ದು. ಈ ಊರಿನಿಂದ ಕದಲಿಸಕೂಡದು.’

ಡ್ರೈವರ್ ಹಗ್ಗ ಸುತ್ತಿಕೊಂಡು ಖಾಲಿ ಲಾರಿ ತಿರುಗಿಸಿಕೊಂಡು ಹೋದ. ನಾನು ಆ ಸಾಲನ್ನು ಓದಿದೆ, ಇನ್ನೊಮ್ಮೆ ಓದಿದೆ, ಮೂರನೆಯ ಸಲ ಅಕ್ಷರಗಳು ಕಾಣಿಸಲಿಲ್ಲ. ತಿಮ್ಮಾಜಮ್ಮ ಬಡಿಸುವ ಸೌಟು ಬಿಟ್ಟು ಓಡಿಬಂದರು.

“ಸಾರ್, ಸಾರ್, ಉಪಕರಣ ನೆನೀಬಾರ್ದಂತೆ” ಎನ್ನುತ್ತ ಸೆರಗಿನಿಂದ ನನ್ನ ಎರಡೂ ಕಣ್ಣುಗಳನ್ನು ಮೆತ್ತಗೆ ಒರೆಸಿದರು.